ಗೆಟ್‌ಲೈನ್ ಅನ್ನೋ ಹೆಸರು ಯಾರದ್ದು?

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತವರಲ್ಲಿ ತುಂಬಾ ಜನ ಗೆಟ್‌ಲೈನ್ ಅನ್ನೋ ಫಂಕ್ಷನ್ ಅನ್ನು ತಾವೇ ಬರೆದಿರುತ್ತಾರೆ. ಕರ್ನಿಘನ್ ಮತ್ತು ರಿಚಿ 1978ರಲ್ಲಿ ತಂದ ಸಿ ಪುಸ್ತಕದಲ್ಲೇ ಅದು ಉದಾಹರಣೆಯಾಗಿ ಬರುತ್ತದೆ. ಒಂದು ಸಾಲು ಓದು, ಅರೇಗೆ ತುಂಬು, ಉದ್ದ ಹೇಳು, ಅಷ್ಟೇ. ಆದರೆ ಯೂನಿಕ್ಸ್ ಥರದ ಸಿಸ್ಟಮ್‌ಗಳಿಗೆ ಅಂತ ಇರೋ ಪಾಸಿಕ್ಸ್ ಸ್ಟ್ಯಾಂಡರ್ಡ್ 2008ರಲ್ಲಿ ಅದೇ ಹೆಸರಿನ ಬೇರೆ ಫಂಕ್ಷನ್ ಒಂದನ್ನು ಸೇರಿಸಿಕೊಂಡಿತು. ಗ್ನೂದವರ ಸಿ ಲೈಬ್ರರಿಯಲ್ಲಿ, ಅಂದರೆ ಜಿಲಿಬ್‌ಸಿಯಲ್ಲಿ, ಮೊದಲೇ ಇದ್ದದ್ದು, ಮೆಮೊರಿಯನ್ನು ತಾನೇ ಬೆಳೆಸಿಕೊಳ್ಳುವಂಥದ್ದು. 2009ರಲ್ಲಿ ಜಿಲಿಬ್‌ಸಿ 2.10 ಇದನ್ನು ಎಲ್ಲರಿಗೂ ಕಾಣುವಂತೆ ಹೆಡರ್‌ನಲ್ಲಿ (ಲೈಬ್ರರಿಯ ಫಂಕ್ಷನ್‌ಗಳ ಹೆಸರನ್ನು ಕಂಪೈಲರ್‌ಗೆ ತಿಳಿಸುವ ಫೈಲಿನಲ್ಲಿ) ಇಟ್ಟಿದ್ದೇ ತಡ, ಅಲ್ಲಿಯವರೆಗೆ ಚೆನ್ನಾಗಿ ಕಂಪೈಲ್ ಆಗುತ್ತಿದ್ದ ಎಷ್ಟೋ ಹಳೇ ಪ್ರೋಗ್ರಾಂಗಳು ಒಂದಕ್ಷರ ಬದಲಾಗದಿದ್ದರೂ ಹೆಸರು ಡಿಕ್ಕಿಯಾಗಿ ಕಂಪೈಲ್ ಆಗದೇ ನಿಂತುಹೋದವು.

ಸಿಯಲ್ಲಿ ಸಿ++ ಥರ ನೇಮ್‌ಸ್ಪೇಸ್, ಅಂದರೆ ಹೆಸರುಗಳನ್ನು ಬೇರೆ ಬೇರೆ ಗುಂಪಾಗಿ ಇಡುವ ವ್ಯವಸ್ಥೆ, ಇಲ್ಲ. ಸ್ಟ್ಯಾಟಿಕ್ (ಈ ಫೈಲಿಗೆ ಮಾತ್ರ) ಅಂತ ಬರೆಯದ ಫಂಕ್ಷನ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಇರುತ್ತವೆ. ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥ ಇದ್ದರೆ ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಹಾಕುತ್ತೇವೆ ಅಲ್ವಾ, ಥ್ರೆಡ್‌ಗಳಿಗೆ ಇರೋ ಪಿಥ್ರೆಡ್ ಲೈಬ್ರರಿಯ ಫಂಕ್ಷನ್‌ಗಳೆಲ್ಲ 'ಪಿಥ್ರೆಡ್' ಅಂತಲೇ ಶುರುವಾಗೋದು ಅದಕ್ಕೇ.

ಎಲ್ಲ ಹೆಸರಿಗೂ ಈ ಭಾಗ್ಯ ಸಿಕ್ಕಿಲ್ಲ. ಗಣಿತದ ಹೆಡರ್ ಸೇರಿಸಿಕೊಂಡು, ಗ್ರಾಫ್ ಬಿಡಿಸಲು ವೈ1 ಅಂತ ಗ್ಲೋಬಲ್ ವೇರಿಯಬಲ್ ಇಟ್ಟು ನೋಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಂಪೈಲರ್ ತಕರಾರು ತೆಗೆಯುತ್ತದೆ, ಯಾಕೆಂದರೆ ವೈ1 ಆ ಹೆಡರ್‌ನಲ್ಲೇ ಇರೋ ಬೆಸೆಲ್ ಅನ್ನೋ ಗಣಿತದ ಫಂಕ್ಷನ್! ಬೆಸೆಲ್ ಹೆಸರೇ ಕೇಳದವರಿಗೆ ಇದು ಎಷ್ಟು ಗೊಂದಲ ಮಾಡಬಹುದು ಅಂತ ಯೋಚಿಸಿ.

ಹಾಗಾಗಿ ಸಿ ಸ್ಟ್ಯಾಂಡರ್ಡ್ ಕೆಲವು ಹೆಸರುಗಳನ್ನು ಸಿಸ್ಟಮ್‌ಗೆ ಅಂತಲೇ ಮೀಸಲಿಟ್ಟಿದೆ. ಎರಡು ಅಂಡರ್‌ಸ್ಕೋರ್‌ನಿಂದ, ಅಥವಾ ಒಂದು ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಶುರುವಾಗುವ ಹೆಸರುಗಳನ್ನು ನಾವು ಮುಟ್ಟಬಾರದು. 1999ರಲ್ಲಿ ಬೂಲ್ ತರುವಾಗಲೂ ಭಾಷೆಯ ಒಳಗೆ ಅಂಡರ್‌ಸ್ಕೋರ್ ಇರೋ ಹೆಸರನ್ನೇ ಕೊಟ್ಟು, ಬೂಲ್ ಅನ್ನೋ ಸರಳ ಹೆಸರನ್ನು ಬೇರೆ ಹೆಡರ್‌ನಲ್ಲಿಟ್ಟರು. ಬೇಕಾದವರು ಮಾತ್ರ ಸೇರಿಸಿಕೊಳ್ಳಲಿ ಅಂತ. ನೋಡೋಕೆ ಚೆಂದ ಇಲ್ಲ, ನಿಜ. ಆದರೆ ಹಳೇ ಕೋಡ್‌ಗೆ ಇಷ್ಟು ಮರ್ಯಾದೆ ಕೊಡೋದು ನನಗೆ ತುಂಬಾ ಇಷ್ಟವಾದ ವಿಷಯ.

ಗೆಟ್‌ಲೈನ್ ಹೆಸರು ಹೇಳದಂತೆ ಹೆಡರ್ ಅನ್ನು ಸುಮ್ಮನಿರಿಸಿದರೂ (ಹೇಗೆ ಅಂತ ಆಮೇಲೆ ನೋಡೋಣ), ನಮ್ಮ ಕೋಡ್ ಮತ್ತು ಲೈಬ್ರರಿಯನ್ನು ಜೋಡಿಸುವ ಲಿಂಕರ್ ಬಾಕಿ ಇರುತ್ತದೆ. ಲೈಬ್ರರಿಯ ಇನ್ನೊಂದು ಫಂಕ್ಷನ್ ಒಳಗಿಂದ ಗೆಟ್‌ಲೈನ್ ಅನ್ನು ಕರೆದಾಗ ನಮ್ಮದು ಸಿಕ್ಕಿಬಿಟ್ಟರೆ? ಇದಕ್ಕೆ ಜಿಲಿಬ್‌ಸಿ ಮಾಡಿರುವ ಏರ್ಪಾಟು ಬಹಳ ಜಾಣತನದ್ದು. ಅಸಲಿ ಫಂಕ್ಷನ್‌ಗೆ ಅಂಡರ್‌ಸ್ಕೋರ್ ಹೆಸರು, ಹೊರಗೆ ಕಾಣುವ ಗೆಟ್‌ಲೈನ್ ಅದರ 'ವೀಕ್', ಅಂದರೆ ಬೇರೆಯವರಿಗೆ ಜಾಗ ಬಿಟ್ಟುಕೊಡುವ, ಅಡ್ಡಹೆಸರು. ನಮ್ಮ ಪ್ರೋಗ್ರಾಂನಲ್ಲಿ ಅದೇ ಹೆಸರಿದ್ದರೆ ನಮ್ಮದೇ ಗೆಲ್ಲುತ್ತದೆ. ಲೈಬ್ರರಿ ಒಳಗೊಳಗೇ ಅಂಡರ್‌ಸ್ಕೋರ್ ಹೆಸರಿನಿಂದ ತನ್ನದನ್ನೇ ಕರೆದುಕೊಳ್ಳುತ್ತದೆ.

ಹೆಡರ್ ಸುಮ್ಮನಿರಬೇಕು ಅಂದರೆ ಫೀಚರ್ ಮ್ಯಾಕ್ರೋ ಬೇಕು (ಮ್ಯಾಕ್ರೋ ಅಂದರೆ ಕಂಪೈಲ್ ಆಗುವ ಮೊದಲೇ ಬೇರೆ ಪಠ್ಯವಾಗಿ ಬದಲಾಗುವ ಹೆಸರು). ಯಾವ ಕಾಲದ ಪಾಸಿಕ್ಸ್ ಬೇಕು ಅಂತ ಫೈಲಿನ ತಲೆಯಲ್ಲೇ ಹೇಳಿದರೆ ಅಷ್ಟೇ ಹೆಸರು ಕಾಣುತ್ತವೆ, 200809 ಅಂತ ಕೇಳಿದರೆ ಗೆಟ್‌ಲೈನ್ ಸಹ ಬರುತ್ತದೆ, 200112ಕ್ಕೆ ನಿಂತರೆ ಬರೋದಿಲ್ಲ.

ವಿಂಡೋಸ್‌ನಲ್ಲಿ ಕಾಟ ಇನ್ನೂ ಜಾಸ್ತಿ. ಅದರ ಮುಖ್ಯ ಹೆಡರ್ ಮಿನ್, ಮ್ಯಾಕ್ಸ್ ಎರಡನ್ನೂ ಮ್ಯಾಕ್ರೋ ಆಗಿ ತರುತ್ತದೆ. ಮ್ಯಾಕ್ರೋಗೆ ನೇಮ್‌ಸ್ಪೇಸ್ ಆಗಲಿ ಬ್ರಾಕೆಟ್ ಒಳಗಿನ ಸ್ಕೋಪ್ ಆಗಲಿ ಗೊತ್ತಾಗೋದಿಲ್ಲ, ಹಾಗಾಗಿ ಸಿ++ನವರ ಮಿನ್, ಮ್ಯಾಕ್ಸ್ ಕೂಡ ಕೆಡುತ್ತವೆ. ನೋಮಿನ್‌ಮ್ಯಾಕ್ಸ್ ಅಂತ ಡಿಫೈನ್ ಮಾಡಿದರೆ ಆ ಎರಡೂ ಬರೋದಿಲ್ಲ, ಆದರೆ ಹೆಡರ್ ಸೇರಿಸುವ ಮೊದಲೇ ಮಾಡಬೇಕು.