ಗೌರಿಬಿದನೂರಿಗೆ ಐದು ನಿಮಿಷ, ಚೆನ್ನೈಗೆ ಎರಡೂವರೆ ಗಂಟೆ

ಡಿಸೆಂಬರ್ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದ ಓಂ ಶಕ್ತಿ ಬಸ್ಸುಗಳು ಹೊರಡುತ್ತವೆ. ಕೆಂಪು ಸೀರೆ ಉಟ್ಟ ಹೆಂಗಸರು ತಮಿಳುನಾಡಿನ ಮೇಲ್ಮರುವತ್ತೂರಿಗೆ ಹೋಗಿ, ಹಾಗೇ ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಬರುತ್ತಾರೆ. ಕೆರೆ ತುಂಬುವುದೇ ಅಪರೂಪವಾದ ನಮಗೂ ಸುನಾಮಿಗೂ ಏನು ಸಂಬಂಧ ಅನ್ನುವವರಿಗೆ ನಾನು ಈ ಬಸ್ಸುಗಳನ್ನೇ ತೋರಿಸುತ್ತೇನೆ.

ಇನ್ನೊಂದು ಸಂಬಂಧ ಗೌರಿಬಿದನೂರಿನಲ್ಲಿದೆ. 1965ರಲ್ಲಿ ಬ್ರಿಟನ್ನಿನ ನೆರವಿನಿಂದ ಅಲ್ಲಿ ನೆಲದ ಕಂಪನ ಹಿಡಿಯುವ ಉಪಕರಣಗಳ ಸಾಲು ಹಾಕಿದರು. ನೋಡಿಕೊಳ್ಳುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಬೇರೆ ದೇಶದವರು ನೆಲದಡಿ ಅಣುಬಾಂಬ್ ಸಿಡಿಸಿದರೆ ಗೊತ್ತಾಗಲಿ ಅನ್ನುವುದು ಮೂಲ ಉದ್ದೇಶ. ಬಾಂಬ್ ಕೇಳಿಸುವ ಕಿವಿಗೆ ಭೂಕಂಪವೂ ಕೇಳಿಸುತ್ತದೆ, ಅಲ್ವಾ?

2004ರ ಡಿಸೆಂಬರ್ 26, ಭಾನುವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆ. ಸುಮಾತ್ರಾ ಬಳಿ ಸಮುದ್ರದಡಿ 9.1 ತೀವ್ರತೆಯ ಭೂಕಂಪವಾಯಿತು. ಬಂಡೆಯೊಳಗೆ ಓಡುವ ಅಲೆ ಸೆಕೆಂಡಿಗೆ ಎಂಟು ಕಿಲೋಮೀಟರಿಗೂ ಜಾಸ್ತಿ ಸಾಗುತ್ತದೆ. ಸುಮಾರು 2,300 ಕಿ.ಮೀ. ದೂರದ ಗೌರಿಬಿದನೂರಿಗೆ ಅದಕ್ಕೆ ಐದು ನಿಮಿಷವೇ ಸಾಕು. ನೀರಿನ ಅಲೆ ಅಷ್ಟು ಚುರುಕಲ್ಲ. ನಾಲ್ಕು ಕಿ.ಮೀ. ಆಳದ ಕಡಲಲ್ಲಿ ಅದರ ವೇಗ ಗಂಟೆಗೆ 700 ಕಿ.ಮೀ. ಆಸುಪಾಸು. ಚೆನ್ನೈ ಮುಟ್ಟಲು ಎರಡೂವರೆ ಗಂಟೆ ಹಿಡಿಯಿತು. ನೆಲ ಕೊಟ್ಟ ಆ ಎರಡೂವರೆ ಗಂಟೆ ಸುಮ್ನೆ ಕಳೆದುಹೋಯಿತು. ಪೆಸಿಫಿಕ್‌ನಲ್ಲಿ 1949ರಿಂದಲೇ ಎಚ್ಚರಿಕೆ ಕೇಂದ್ರವಿತ್ತು, ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಹಲವು ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕ್ರಿಸ್‌ಮಸ್‌ಗೆಂದು ವೇಲಾಂಕಣಿಗೆ ಬಂದ ಯಾತ್ರಿಕರೂ ಅದರಲ್ಲಿದ್ದರು.

ಒಂದು ವೇಳೆ ಯಾರೋ ಫೋನ್ ಮಾಡಿ 'ಸುನಾಮಿ ಬರ್ತಿದೆ' ಅಂದಿದ್ದರೂ ಎಷ್ಟು ಜನಕ್ಕೆ ಅರ್ಥವಾಗುತ್ತಿತ್ತು? ಬಂದರಿನ ಅಲೆ ಎಂಬ ಅರ್ಥದ ಆ ಜಪಾನಿ ಪದ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದೇ ಆ ವಾರ. ಗೊತ್ತಿದ್ದ ಕಡೆ ಜನ ಉಳಿದರು. ಥಾಯ್ಲೆಂಡಿನ ತೀರದಲ್ಲಿ ಹತ್ತು ವರ್ಷದ ಇಂಗ್ಲಿಷ್ ಹುಡುಗಿಯೊಬ್ಬಳು ನೀರು ನೊರೆಗಟ್ಟುವುದನ್ನು ಕಂಡು, ಎರಡು ವಾರದ ಹಿಂದಿನ ಭೂಗೋಳದ ಪಾಠ ನೆನೆದು, ಸುಮಾರು ನೂರು ಜನರನ್ನು ಮೇಲೆ ಓಡಿಸಿದಳು. ಭೂಕಂಪದ ಮಗ್ಗುಲಲ್ಲೇ ಇದ್ದ ಸಿಮೆಲುವೆ ದ್ವೀಪದಲ್ಲಿ ಸತ್ತವರು ಏಳೇ ಜನ. 1907ರ ಅಲೆಯ ಕಥೆಯನ್ನು ಅಜ್ಜಿಯರು ಹೇಳುತ್ತಲೇ ಬಂದಿದ್ದರು: ನೆಲ ಜೋರಾಗಿ ನಡುಗಿತೋ, ಗುಡ್ಡ ಹತ್ತಿ.

ಏನೂ ಗೊತ್ತಿಲ್ಲದಿರುವುದಕ್ಕಿಂತ ಅರ್ಧ ಪಾಠ ಅಪಾಯ. 'ಮೊದಲು ನೀರು ಹಿಂದೆ ಸರಿಯುತ್ತೆ, ಆಮೇಲೆ ಅಲೆ' ಎಂದು ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಥಾಯ್ಲೆಂಡಿನಲ್ಲಿ ಆಗಿದ್ದು ಹಾಗೆ. ನಮ್ಮ ಪೂರ್ವ ಕರಾವಳಿಗೆ ಮೊದಲು ಬಂದದ್ದು ಏರುವ ನೀರೇ. ಅವತ್ತು ಹುಣ್ಣಿಮೆ ಬೇರೆ ಇತ್ತು, ಗ್ರಹಗತಿ ಹೇಳುವವರಿಗೆ ಅಷ್ಟು ಸಾಕಾಯಿತು. ನಾಲ್ಕೇ ದಿನಕ್ಕೆ, ಡಿಸೆಂಬರ್ 30ರಂದು, ಆಧಾರವಿಲ್ಲದ ಸರ್ಕಾರಿ ಎಚ್ಚರಿಕೆಯೊಂದು ಕರಾವಳಿಯವರನ್ನು ಮತ್ತೆ ಓಡಿಸಿತು.

'ಯಾಕೆ' ಎಂದು ಕೇಳುವುದನ್ನು ಜೀವನಪೂರ್ತಿ ಕಲಿಸಿದ ಎಚ್. ನರಸಿಂಹಯ್ಯ ಅವರೂ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ. ಸುನಾಮಿಯಾದ ಮುಂದಿನ ತಿಂಗಳೇ ತೀರಿಕೊಂಡರು. 2007ರಲ್ಲಿ ಹೈದರಾಬಾದಿನಲ್ಲಿ ನಮ್ಮದೇ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು.

ಸುನಾಮಿ ಹೇಗೆ ಏಳುತ್ತದೆ ಎಂದು ಕಲಿಸಲು ಲ್ಯಾಬ್ ಬೇಡ. ನಾನು ನೋಡಿದ ಒಂದು ತರಗತಿಯಲ್ಲಿ ಇದ್ದದ್ದು ಮೆತ್ತನೆಯ ಪ್ಲಾಸ್ಟಿಕ್ ಟಬ್, ಅರ್ಧ ನೀರು. ಇಬ್ಬರು ಹುಡುಗರು ಅಂಚು ಹಿಡಿದು ಎತ್ತಿದರು. ಮೇಷ್ಟ್ರು ಮೊದಲು ಒಂದು ಕಲ್ಲು ಹಾಕಿದರು, ಮೇಲಷ್ಟೇ ಉಂಗುರ ಎದ್ದವು. ಆಮೇಲೆ ತಳಕ್ಕೆ ಕೆಳಗಿಂದ ಒಂದು ಗುದ್ದು. ನೀರೆಲ್ಲ ಒಟ್ಟಿಗೆ ಎದ್ದು ಮುಂದಿನ ಸಾಲಿನವರ ನೋಟ್‌ಬುಕ್ ಒದ್ದೆಯಾಯಿತು.

"ಗುದ್ದದೆ ಅಂಗೈಯಲ್ಲಿ ಪಕ್ಕಕ್ಕೆ ಉಜ್ಜಿದ್ರೆ, ಸಾರ್?" ಎಂದಳು ಒಬ್ಬ ಹುಡುಗಿ.

"ಉಜ್ಜಿ ನೋಡಮ್ಮ."

ಉಜ್ಜಿದಳು. ನೀರು ಸ್ವಲ್ಪ ನಡುಗಿತು, ಅಷ್ಟೇ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6ರ ಭೂಕಂಪವಾಗಿ ಬೆಂಗಳೂರಿನವರು ಕಟ್ಟಡ ಬಿಟ್ಟು ಹೊರಗೋಡಿದರೂ ದೊಡ್ಡ ಅಲೆ ಬರಲಿಲ್ಲ. ಅವತ್ತು ಕಡಲಡಿಯ ನೆಲ ಮೇಲೇಳದೆ ಪಕ್ಕಕ್ಕೆ ಜಾರಿತ್ತು.