ನಾಲಿಗೆ ಹೊರಳಲ್ಲ ಅಂತೀರಲ್ಲ, ತಪ್ಪು ನಾಲಿಗೆಯದ್ದೇನಾ?

ಮತ್ತೆ ಅದೇ ಪ್ರಶ್ನೆ ಬಂದಿದೆ: "ಮಗಳಿಗೆ ಆರು ವರ್ಷ, ಮೂರು ಭಾಷೆ ಒಟ್ಟಿಗೆ ಕಲಿಯುತ್ತಿದ್ದಾಳೆ. ಒಂದರ ಉಚ್ಚಾರ ಇನ್ನೊಂದರಲ್ಲಿ ನುಸುಳುತ್ತದೆ. ನಾಲಿಗೆ ಹೊರಳುತ್ತಿಲ್ಲ, ಏನು ಮಾಡಲಿ?"

ಎಷ್ಟು ಸಲ ಹೇಳಿದರೂ ಈ ನಾಲಿಗೆಯ ಮಾತು ಹೋಗುವುದೇ ಇಲ್ಲ! ಒಂದು ಕೆಲಸ ಮಾಡಿ. ಯಾವ ಭಾಷೆಯಲ್ಲಿ ಉಚ್ಚಾರ ತಪ್ಪುತ್ತದೋ, ಆ ಭಾಷೆಯ ಕಾರ್ಟೂನ್ ಪಾತ್ರವನ್ನು ಅಣಕಿಸಿ ತೋರಿಸು ಅಂತ ಕೇಳಿ. ಎಷ್ಟೋ ಮಕ್ಕಳು ಆಗ ಅದೇ ಕಷ್ಟದ ಸದ್ದನ್ನು ಸಲೀಸಾಗಿ ಹೊರಡಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಭಾಷೆಯಲ್ಲಿ ಕಥೆ ಹೇಳಿಸಿ, ಸದ್ದು ಮಾಯ. ನಾಲಿಗೆ ಅದೇ ತಾನೇ?

ಕಥೆ ಹೇಳುವಾಗ ಪದ ಹುಡುಕಬೇಕು, ವಾಕ್ಯ ಕಟ್ಟಬೇಕು, ಜೊತೆಗೆ ಜಾಸ್ತಿ ರೂಢಿಯಾದ ಭಾಷೆಯ ಸದ್ದು ಮುಂದೆ ನುಗ್ಗದಂತೆ ತಡೆಯಲೂ ಬೇಕು, ಯಾಕೆಂದರೆ ಒಂದು ಭಾಷೆ ಮಾತಾಡುವಾಗ ಉಳಿದವು ತಲೆಯಲ್ಲಿ ಮಲಗಿರುವುದಿಲ್ಲ. ಈ ತಡೆಯುವ, ಬದಲಿಸಿಕೊಳ್ಳುವ ಶಕ್ತಿಯೇ ಅರಿವಿನ ನಿಯಂತ್ರಣ. ಅದು ನಿಧಾನವಾಗಿ ಬೆಳೆಯುತ್ತದೆ. ಕಾರ್ಡ್‌ಗಳನ್ನು ಬಣ್ಣ ನೋಡಿ ವಿಂಗಡಿಸಿದ ಮೇಲೆ "ಈಗ ಆಕಾರ ನೋಡಿ ಮಾಡು" ಅಂದರೆ, 3 ವರ್ಷದ ಹೆಚ್ಚಿನ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಹೇಳಿಯೂ ಬಣ್ಣವನ್ನೇ ನೋಡುತ್ತಾರೆ. 5ರ ಹೊತ್ತಿಗೆ ಹೆಚ್ಚಿನವರು ಬದಲಿಸಿಕೊಳ್ಳುತ್ತಾರೆ.

ಇನ್ನು ಕಿವಿ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದ್ದಾರೆ: ಇಂಗ್ಲಿಷ್ ಮನೆಯ 6–8 ತಿಂಗಳ ಕೂಸುಗಳು ಹಿಂದಿಯ ತ, ಟ ವ್ಯತ್ಯಾಸವನ್ನು ಗುರುತಿಸುತ್ತವೆ, 10–12 ತಿಂಗಳಿಗೆ ಹೆಚ್ಚಿನವು ಗುರುತಿಸುವುದಿಲ್ಲ. ಕೇಳಿಸದ ವ್ಯತ್ಯಾಸ ಬಾಯಲ್ಲಿ ಹೇಗೆ ಬರಬೇಕು?

ಹಾಗಂತ ನಿಯಂತ್ರಣ ಚೆನ್ನಾಗಿದ್ದರೆ ಉಚ್ಚಾರ ತಾನಾಗಿ ಸರಿಯಾಗುತ್ತದೆ ಅನ್ನಬೇಡಿ. ಈ ನಂಟು ಕೆಲವು ಅಧ್ಯಯನಗಳಲ್ಲಿ ಕಾಣುತ್ತದೆ, ಕೆಲವದರಲ್ಲಿ ಇಲ್ಲ. ಎಷ್ಟು ಕೇಳುತ್ತಾರೆ, ಎಷ್ಟು ಮಾತಾಡುತ್ತಾರೆ ಅನ್ನುವುದೂ ಮುಖ್ಯ. ಕಥೆಯ ನಡುವೆ ತಡೆದು ತಿದ್ದಬೇಡಿ, ಆಗ ತಲೆಯ ಮೇಲೆ ಇನ್ನೊಂದು ಹೊರೆ. ಹೇಳಿ ಮುಗಿಸಲಿ, ಆಮೇಲೆ ಆ ಪದವನ್ನು ನೀವೇ ಸರಿಯಾಗಿ ಬಳಸಿ ಮಾತು ಮುಂದುವರಿಸಿ. ಎಲ್ಲ ಭಾಷೆಯಲ್ಲೂ ಒಂದೇ ಸದ್ದು ತೊಡಕಾಗುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ.

ಹಾಗಾದರೆ ಹೆಚ್ಚು ಭಾಷೆ ಕಲಿತರೆ ಈ ನಿಯಂತ್ರಣವೇ ಚುರುಕಾಗುತ್ತದಾ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2004ರಲ್ಲಿ, ನಡುವಯಸ್ಸಿನ ಮತ್ತು ವಯಸ್ಸಾದ ದ್ವಿಭಾಷಿಗಳಲ್ಲಿ ಅಂಥ ಲಾಭ ಕಂಡೆವು ಅಂದರು. 2013ರಲ್ಲಿ ಕೆನತ್ ಪ್ಯಾಪ್ ಮತ್ತು ಗ್ರೀನ್‌ಬರ್ಗ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಒಟ್ಟಾರೆ ಲಾಭ ಕಾಣಲಿಲ್ಲ ಅಂದರು. ವಾದ ಇನ್ನೂ ನಡೆದೇ ಇದೆ. ಮೆದುಳು ಚುರುಕಾಗುತ್ತದೆ ಅಂತ ಹೇಳಿ ಮಾರುವ ಭಾಷಾ ಕೋರ್ಸ್‌ಗೆ ಆ ಒಂದೇ ಕಾರಣಕ್ಕೆ ದುಡ್ಡು ಕಟ್ಟಬೇಡಿ.