ರಿಪೋರ್ಟ್ ಪಾಸಿಟಿವ್ ಅಂದ್ರೆ ಕಾಯಿಲೆ ಇದೆ ಅಂತಾನಾ? ಹಳೇ ಫೈಲ್ ಯಾಕೆ ಬೇಕು?

ಮೆಡಿಕಲ್ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಗೆ ಓದುತ್ತಾ ಎರಡು ದಿನ ಇದೊಂದರಲ್ಲೇ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ರೋಗ ಪತ್ತೆಯ ತಪ್ಪು ಅಂದ್ರೆ ಏನು?

ಅಮೆರಿಕದ ನ್ಯಾಷನಲ್ ಅಕಾಡೆಮಿಗಳ 2015ರ ವರದಿಯಲ್ಲಿ ಇದಕ್ಕೆ ಎರಡು ಭಾಗ. ತೊಂದರೆಗೆ ಸರಿಯಾದ ಕಾರಣವನ್ನು ಸಕಾಲಕ್ಕೆ ಕಂಡುಹಿಡಿಯದಿರುವುದು ಒಂದು. ಕಂಡುಹಿಡಿದದ್ದನ್ನು ರೋಗಿಗೆ ತಿಳಿಸದಿರುವುದು ಇನ್ನೊಂದು. ಎರಡನೆಯದನ್ನು ಬರೆಯೋದು ಬಿಡಬೇಡಿ.

ನಾನು ಎಡವಿದ ಲೆಕ್ಕ

ಪರೀಕ್ಷೆಯ ಸೆನ್ಸಿಟಿವಿಟಿ (ಕಾಯಿಲೆ ಇರುವವರಲ್ಲಿ ಎಷ್ಟು ಜನಕ್ಕೆ ಪಾಸಿಟಿವ್ ಬರುತ್ತದೆ) ಶೇ. 90, ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರಲ್ಲಿ ಎಷ್ಟು ಜನಕ್ಕೆ ನೆಗೆಟಿವ್ ಬರುತ್ತದೆ) ಶೇ. 90 ಅಂತ ಇಟ್ಟುಕೊಳ್ಳಿ (ಅಂಕಿ ಲೆಕ್ಕಕ್ಕಾಗಿ ಮಾತ್ರ). ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ ಶೇ. 90 ಅಂತಲೇ ನಾನು ತಿಳಿದಿದ್ದೆ. ತಪ್ಪು! ಸೆನ್ಸಿಟಿವಿಟಿ ಲೆಕ್ಕ ಶುರುವಾಗುವುದು ಕಾಯಿಲೆ ಇರುವವರಿಂದ. ನಮಗೆ ಬೇಕಾದ ಲೆಕ್ಕ ಶುರುವಾಗುವುದು ಪಾಸಿಟಿವ್ ಬಂದವರಿಂದ. ಯಾವ ಸಂಖ್ಯೆಯಿಂದ ಭಾಗಿಸುತ್ತೇವೆ ಅನ್ನುವುದೇ ಬೇರೆ.

ಸೂತ್ರ ಪಕ್ಕಕ್ಕಿಡಿ. ಸುಮ್ನೆ 1000 ಜನರನ್ನು ಸಾಲಾಗಿ ಕೂರಿಸಿ. ಅವರಲ್ಲಿ 10 ಜನಕ್ಕೆ ಕಾಯಿಲೆ. ಆ 10ರಲ್ಲಿ 9 ಜನ ಪಾಸಿಟಿವ್. ಉಳಿದ 990 ಜನ ಆರೋಗ್ಯವಂತರು, ಆದರೂ ಅವರಲ್ಲಿ ಹತ್ತಕ್ಕೊಬ್ಬರಂತೆ 99 ಜನಕ್ಕೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 108. ಅದರಲ್ಲಿ ನಿಜವಾದ ಕಾಯಿಲೆ 9. ಅಂದ್ರೆ ಸುಮಾರು ಶೇ. 8!

ಈಗ ಅದೇ ಪರೀಕ್ಷೆ, ಬೇರೆ 1000 ಜನ. ಇವರಲ್ಲಿ 300 ಜನಕ್ಕೆ ಕಾಯಿಲೆ. 270 ಜನ ಸರಿಯಾಗಿ ಪಾಸಿಟಿವ್. 700 ಆರೋಗ್ಯವಂತರಲ್ಲಿ 70 ಸುಳ್ಳು ಪಾಸಿಟಿವ್. 340ರಲ್ಲಿ 270, ಅಂದ್ರೆ ಸುಮಾರು ಶೇ. 79.

ಅಕ್ಕಿ ಜರಡಿ ಹಿಡಿದ ಹಾಗೆ ಇದು. ಜರಡಿ ಅದೇ, ಚೀಲ ಬೇರೆ. ಕಲ್ಲು ಅಂದ್ರೆ ಕಾಯಿಲೆ, ಜರಡಿ ಮೇಲೆ ಉಳಿದ ದಪ್ಪ ಅಕ್ಕಿ ಅಂದ್ರೆ ಸುಳ್ಳು ಪಾಸಿಟಿವ್. ಕಲ್ಲು ಕಡಿಮೆ ಇರುವ ಚೀಲವಾದರೆ ಜರಡಿ ಮೇಲೆ ಉಳಿಯುವುದು ದಪ್ಪ ಅಕ್ಕಿಯೇ ಜಾಸ್ತಿ. ಮುಂದೆ ಕೂತ ರೋಗಿ ಯಾವ ಚೀಲದವರು? ಅದನ್ನು ಪರೀಕ್ಷೆ ಹೇಳುವುದಿಲ್ಲ. ಅವರ ಮಾತು, ನಾವು ಕೈಯಿಟ್ಟು ನೋಡಿದ್ದು ಮತ್ತು ಹಳೇ ಫೈಲ್ ಹೇಳುತ್ತವೆ. ನನಗೆ ಇಡೀ ಪಾಠ ಕೂತದ್ದು ಇಲ್ಲೇ.

ಟೈಫಾಯಿಡ್‌ಗೆ ಮಾಡುವ ವಿಡಾಲ್ ರಕ್ತ ಪರೀಕ್ಷೆ ಕೂಡ ಹೀಗೇ. ಹಿಂದೆ ಟೈಫಾಯಿಡ್ ಬಂದವರಿಗೆ, ಲಸಿಕೆ ಹಾಕಿಸಿಕೊಂಡವರಿಗೆ ಪಾಸಿಟಿವ್ ಬರಬಹುದು. ಒಂದೇ ರಿಪೋರ್ಟ್ ನೋಡಿ ಈ ಜ್ವರ ಟೈಫಾಯಿಡ್ ಅನ್ನುವುದು ಅವಸರವಾಗುತ್ತದೆ.

ಜಗಳೂರಿನ ಅಜ್ಜಿಯ ಕವರ್

ದಾವಣಗೆರೆಯಲ್ಲಿ ಪೋಸ್ಟಿಂಗ್ ಇದ್ದಾಗ ಜಗಳೂರು ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಸುಸ್ತು, ಕಾಲು ಊತ. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್ 1.8, ಜಾಸ್ತಿಯೇ. ಕಿಡ್ನಿಗೆ ಈಗಷ್ಟೇ ಪೆಟ್ಟು ಬಿದ್ದಿದೆಯಾ, ಹಳೇದಾ? ಒಂದು ಅಂಕಿ ಹಿಡಿದು ಹೇಳಲು ಆಗುವುದಿಲ್ಲ. "ಹಳೇ ರಿಪೋರ್ಟ್ ಇದೆಯಾ ಅಜ್ಜಿ?" ಅಂದೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಕೊಟ್ಟು, "ಎಲ್ಲಾ ಇದ್ರಾಗೆ ಐತೆ ನೋಡವ್ವ" ಅಂದರು. ಮಾತ್ರೆ ಚೀಟಿಗಳ ನಡುವೆ ನಾಲ್ಕಾಗಿ ಮಡಿಸಿದ ಕಾಗದ ಸಿಕ್ಕಿತು. ಎರಡು ವರ್ಷದ ಹಿಂದೆ 1.7. ಹಾಗಾದರೆ ಕಿಡ್ನಿ ತೊಂದರೆ ಇವತ್ತಿನದಲ್ಲ. ಆ ಕಾಗದವನ್ನು ಅವರು ಅಷ್ಟು ಜೋಪಾನವಾಗಿ ಇಟ್ಟಿದ್ದರು, ಆದರೆ ಅದರಲ್ಲಿ ಏನಿದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ವ್ಯಾಖ್ಯೆಯ ಎರಡನೇ ಭಾಗ ಇದೇ ಅಲ್ವಾ? ನನಗೆ ತುಂಬಾ ಬೇಜಾರಾಯಿತು.

ದಾಖಲೆ ಕೈಗೆ ಸಿಗುವುದು ಹೇಗೆ?

ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಆಗುವವರಿಗೆ ಇದನ್ನು ಹೇಳಿ.

ಆರೋಗ್ಯ ದಾಖಲೆಗಳನ್ನು ಜೋಡಿಸಲು ಸರ್ಕಾರ ಕೊಡುವ ಆಭಾ (ABHA) ಸಂಖ್ಯೆ 14 ಅಂಕಿಯದು. ಇದನ್ನು ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾದದ್ದು ಸೆಪ್ಟೆಂಬರ್ 2021ರಲ್ಲಿ. ಇಲ್ಲಿ ಗೊಂದಲ ಬೇಡ: ಸಂಖ್ಯೆ ಮಾಡಿಸಿದ ಮಾತ್ರಕ್ಕೆ ಹಳೇ ಕಾಗದ ತಾನಾಗಿ ಒಳಗೆ ಹೋಗುವುದಿಲ್ಲ. ದಾಖಲೆ ಇರುವುದು ಆಸ್ಪತ್ರೆ, ಲ್ಯಾಬ್‌ನಲ್ಲೇ. ಅದನ್ನು ಸಂಖ್ಯೆಗೆ ಜೋಡಿಸಬೇಕು, ನೋಡಲು ರೋಗಿಯ ಒಪ್ಪಿಗೆ ಬೇಕು.

ಇನ್ನೊಂದು. ಅಜ್ಜಿಯ ಕವರ್‌ನಲ್ಲಿ ಒಂದು ಇಸಿಜಿಯೂ ಇತ್ತು. ಥರ್ಮಲ್ ಕಾಗದ, ಗೆರೆಯೆಲ್ಲ ಮಾಸಿ ಬರೀ ಬಿಳಿ. ಹೋಲಿಸಲು ಏನೂ ಉಳಿದಿರಲಿಲ್ಲ. ಹಾಗಾಗಿ ಇಸಿಜಿ ತೆಗೆದ ದಿನವೇ ಜೆರಾಕ್ಸ್ ಮಾಡಿಸಿ, ಇಲ್ಲಾ ಮನೆಯವರ ಮೊಬೈಲಿನಲ್ಲಿ ಫೋಟೋ ಹೊಡೆಸಿ. ತಾರೀಖು ಕಾಣಬೇಕು.